ಹಳದಿ ಬೆನ್ನಿನ ಇಲಿಗಳು

ನಂಬುವುದು ಬಿಡುವುದು ನಿಮಗೆ ಸೇರಿದ್ದು. ದೆವ್ವ ಗಿವ್ವ ಎಂದರೆ ಮೂಗು ಮುರಿಯುವ ಹೆಂಗಸು ನಾನು. ಅಂಥವಳ ಕಣ್ಣೆದುರೇ ನಡೆದದ್ದನ್ನು ಒಂದಕ್ಷರವೂ ಸೇರಿಸದೆ ಹೇಳುತ್ತಿದ್ದೇನೆ.

ಎಂಬತ್ತರ ದಶಕ. ಜಯನಗರದ ಹಳೆಯ ಬಂಗಲೆಯೊಂದರಲ್ಲಿ ನಮ್ಮ ಪುಟ್ಟ ಲ್ಯಾಬ್ ಇತ್ತು. ಹಿಂದಿನ ಕೋಣೆಯ ತುಂಬ ಬಿಳಿ ಇಲಿಗಳು. ನಮ್ಮ ಕೆಲಸವೆಲ್ಲ ಹರ್ಪಿಸ್ ವೈರಸ್ ಮೇಲೆ. ಜ್ವರ ಬಂದಾಗ ತುಟಿಯ ಮೇಲೆ ಗುಳ್ಳೆ ಏಳಿಸುತ್ತದಲ್ಲ, ಅದೇ. ಒಮ್ಮೆ ಮೈ ಹೊಕ್ಕರೆ ನರದೊಳಗೆ ಅಡಗಿ ಕೂರುತ್ತದೆ, ಸಾಯುವ ತನಕ ಬಿಟ್ಟು ಹೋಗುವುದಿಲ್ಲ.

ಅದನ್ನು ಪತ್ತೆ ಹಚ್ಚುವುದು ರಕ್ತದಲ್ಲಿರುವ ಟಿ ಕಣಗಳೆಂಬ ಬಿಳಿ ರಕ್ತಕಣಗಳು. ಅವಕ್ಕೆ ಇಡೀ ವೈರಸ್ ಕಾಣುವುದಿಲ್ಲ. ಸೋಂಕು ತಗುಲಿದ ಜೀವಕೋಶ ವೈರಸ್ಸಿನ ಪ್ರೋಟೀನನ್ನು ಚೂರು ಮಾಡಿ ತನ್ನ ಮೈಮೇಲೆ ಎತ್ತಿ ಹಿಡಿಯುತ್ತದೆ. ಟಿ ಕಣ ಹತ್ತಿರ ಬಂದು, ತಡವಿ, ಆ ಚೂರಿನಿಂದಲೇ ಕಳ್ಳನ ಗುರುತು ಹಿಡಿಯುತ್ತದೆ. ರೋಗ ಗೆದ್ದ ಇಲಿಗಳ ಟಿ ಕಣಗಳನ್ನು ತೆಗೆದು, ವೈರಸ್ ಕಂಡೇ ಇರದ ಹೊಸ ಇಲಿಗಳಿಗೆ ಚುಚ್ಚಿದ್ದೆವು. ಗುರುತಿಗೆಂದು ಆ ಹೊಸ ಇಲಿಗಳ ಬೆನ್ನಿಗೆ ಹಳದಿ ಬಣ್ಣ ಹಚ್ಚಿದ್ದೆವು. ಉಳಿದವು ಅಪ್ಪಟ ಬಿಳಿ.

ಆ ಸಂಜೆ ನನ್ನ ಮನಸ್ಸೆಲ್ಲ ಬನಶಂಕರಿಯಲ್ಲಿತ್ತು. ಮರುದಿನ ಅಲ್ಲಿನ ಅಣ್ಣನ ಮನೆಯಲ್ಲಿ ಅವನ ಮಗಳ ನಾಮಕರಣ. ಮದುವೆಯಾಗಿ ಎಷ್ಟೋ ವರ್ಷ ಕಾದು, ದೇವರು ದಿಂಡರಿಗೆಲ್ಲ ಹರಕೆ ಹೊತ್ತ ಮೇಲೆ ಹುಟ್ಟಿದ ಮಗು. ಬಾಣಂತಿ ತವರಿನಿಂದ ಅಂದೇ ಬಂದಿದ್ದಳು. ನಾನಿನ್ನೂ ಮಗುವಿನ ಮುಖ ನೋಡಿರಲಿಲ್ಲ. ಅದರ ಕಿವಿಯಲ್ಲಿ ಹೆಸರು ಉಸುರಬೇಕಾದವಳು ಸೋದರತ್ತೆಯಾದ ನಾನೇ. ಖುಷಿಯಿಂದ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಇಲಿಗಳಿಗೆ ತಿನ್ನಲು ಹಾಕಿ ತಿರುಗುವಷ್ಟರಲ್ಲಿ ಕರೆಂಟ್ ಹೋಯಿತು.

ಫಿನಾಯಿಲ್, ಇಲಿ ಮೂತ್ರದ ಘಾಟು... ಮರದ ಹೊಟ್ಟು ಕೆದಕುವ ಪರಪರ ಸದ್ದು ಆ ಕೋಣೆಯಲ್ಲಿ ಯಾವಾಗಲೂ ಇರುತ್ತಿತ್ತು. ಆಗ ಅರ್ಧಕ್ಕರ್ಧ ಸದ್ದು ನಿಂತುಹೋಯಿತು. ಟಾರ್ಚ್ ಹಾಕಿದೆ.

ಬಿಳಿ ಇಲಿಗಳು ತಮ್ಮ ಪಾಡಿಗೆ ತಿನ್ನುತ್ತಿದ್ದವು. ಹಳದಿ ಬೆನ್ನಿನವು ಒಂದೂ ಬಿಡದೆ ಪಂಜರದ ಮುಂದಕ್ಕೆ ಬಂದು, ಹಿಂಗಾಲ ಮೇಲೆ ನಿಂತು, ತಂತಿಯ ಸಂದಿಯಿಂದ ಮೂತಿ ಚಾಚಿದ್ದವು... ನನ್ನ ಕಡೆಗೆ. ಎಡಕ್ಕೆ ಸರಿದೆ. ಅವೂ ಎಡಕ್ಕೆ ಸರಿದವು.

ಪಕ್ಕದ ಕೋಣೆಯಲ್ಲಿದ್ದ ಗೆಳತಿ ವಿಮಲಾ ಮೇಣದಬತ್ತಿ ಹಿಡಿದು ಬಂದಳು.

"ಹಸಿವೇನೋ ಕಣೆ ಅವಕ್ಕೆ."

"ಈಗ ತಾನೇ ಹಾಕಿದೀನಿ. ನೀನು ಇಲ್ಲಿ ನಿಂತ್ಕೋ, ನಾನು ಆ ಕಡೆ ಹೋಗ್ತೀನಿ."

ಬಾಗಿಲ ಬಳಿ ಹೋಗಿ ತಿರುಗಿ ನೋಡಿದೆ. ಪಂಜರಕ್ಕೆ ಒತ್ತಿಕೊಂಡೇ ನಿಂತಿದ್ದ ವಿಮಲಾಳನ್ನು ಬಿಟ್ಟು ಅಷ್ಟೂ ಮೂತಿಗಳು ನನ್ನತ್ತ ಹೊರಳಿದ್ದವು.

"ನಿನ್ನೇ ನೋಡ್ತಿವೆ ಕಣೆ..." ವಿಮಲಾ ಪಂಜರದಿಂದ ಹಿಂದೆ ಸರಿದಳು. "ನಡಿ, ಹೋಗೋಣ ಇಲ್ಲಿಂದ."

ರಾತ್ರಿಯಿಡೀ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಅತ್ತಿಗೆಯ ಮಡಿಲಿನ ಮಗುವಿನ ಬಲಗಿವಿಗೆ ಬಗ್ಗಿದೆ. ಎಣ್ಣೆ, ಸಾಂಬ್ರಾಣಿಯ ವಾಸನೆ. ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಆಗ ನನ್ನ ಕೆಳತುಟಿ ಚುರುಕ್ ಎಂದಿತು. ಗುಳ್ಳೆ ಏಳುವ ಮುನ್ನ ಹೀಗೇ ಚುರುಗುಟ್ಟುವುದು. ತಟ್ಟನೆ ಹಿಂದೆ ಸರಿದೆ.

"ನಾನು ಹೇಳಲ್ಲ. ಬೇರೆ ಯಾರಾದ್ರೂ ಹೇಳಿ."

"ಬುದ್ಧಿ ನೆಟ್ಟಗಿದೆಯೇನೇ ನಿಂಗೆ? ಅಪಶಕುನ ಮಾಡ್ತೀಯಲ್ಲ," ಎಂದು ಅಮ್ಮ ಹಲ್ಲು ಕಚ್ಚಿ ಗದರಿದರು. ತಾವೇ ಈಚೆಯಿಂದ ಬಂದು ಮಗುವಿನ ಎಡಗಿವಿಯಲ್ಲಿ ಹೆಸರು ಹೇಳಿದರು. ಯಾರೂ ನನ್ನೊಡನೆ ನೆಟ್ಟಗೆ ಮಾತಾಡಲಿಲ್ಲ.

ಅಂದು ಸಂಜೆಯೇ ತುಟಿಯ ಮೇಲೆ ಗುಳ್ಳೆಗಳ ಗೊಂಚಲು ಎದ್ದಿತು. ಹಸುಗೂಸಿಗೆ ಈ ವೈರಸ್ ತಗುಲಿದರೆ ಜೀವವನ್ನೇ ತೆಗೆದುಬಿಡಬಹುದು. ಕನ್ನಡಿಯ ಮುಂದೆ ಕುಳಿತು ಅತ್ತುಬಿಟ್ಟೆ. ಆ ಇಲಿಗಳಿಗೆ ಕೈ ಮುಗಿಯಬೇಕು ಅನ್ನಿಸಿತು.

ಒಂದು ವಾರ ಕಳೆದಿರಬೇಕು. ಗುಳ್ಳೆ ಒಣಗಿತ್ತು, ಇಲಿಗಳೂ ನನ್ನನ್ನು ಮರೆತಿದ್ದವು. ಮಬ್ಬುಗತ್ತಲಲ್ಲಿ ಪಂಜರ ತೊಳೆಯುತ್ತಿದ್ದಾಗ ಪರಪರ ಸದ್ದು ಮತ್ತೆ ನಿಂತಿತು. ಹಳದಿ ಬೆನ್ನುಗಳು ಎದ್ದು ನಿಂತಿದ್ದವು. ಪಕ್ಕಕ್ಕೆ ಸರಿದೆ. ಈ ಸಲ ಅವು ನನ್ನ ಜೊತೆ ಸರಿಯಲಿಲ್ಲ. ಅವು ನೋಡುತ್ತಿದ್ದುದು ಬಾಗಿಲನ್ನು.

ಬಾಗಿಲಲ್ಲಿ ಅಣ್ಣ ನಿಂತಿದ್ದ.

"ಇನ್ನೂ ಕೋಪಾನಾ? ಮನೆಗೆ ಬಾರೇ, ಮಗು ನೋಡೀವಂತೆ."

ಇಲಿಗಳ ಮೂತಿ ಅವನ ಹೆಗಲಿನತ್ತಲೇ ಇತ್ತು. ಅಲ್ಲಿ ಅಂಗಿ ಒದ್ದೆಯಾಗಿತ್ತು.

"ಅಣ್ಣಾ, ಅದೇನು ಹೆಗಲ ಮೇಲೆ?"

"ಮಗು ಮಲಗಿತ್ತು ಕಣೆ, ಜೊಲ್ಲು. ಯಾಕೋ ಇವತ್ತು ಹಾಲೇ ಕುಡೀತಿಲ್ಲ."

ಅಣ್ಣನ ಸ್ಕೂಟರಿನಲ್ಲಿ ಆಗಲೇ ಮನೆಗೆ ಹೋದೆ. ಕೈ ತೊಳೆದು, ತೊಟ್ಟಿಲಿನಿಂದ ಮಗುವನ್ನೆತ್ತಿ ದೀಪದ ಕೆಳಗೆ ಹಿಡಿದೆ. ಮೈ ಕಾದಿತ್ತು. ಬಲಗಿವಿಯ ಅಂಚಿನಲ್ಲಿ ಸಾಸಿವೆಯಷ್ಟು ಸಣ್ಣ ಗುಳ್ಳೆಗಳ ಗೊಂಚಲು...

ಆ ರಾತ್ರಿಯೇ ಆಸ್ಪತ್ರೆಗೆ ಓಡಿದೆವು. ಡಾಕ್ಟರ್ ಎಲ್ಲೆಲ್ಲೋ ಫೋನ್ ಮಾಡಿ ಔಷಧಿ ತರಿಸಿದರು. ಮಗು ಉಳಿಯಿತು. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು.

ನಾನು ಆ ಕಿವಿಯನ್ನು ಮುಟ್ಟಿರಲಿಲ್ಲ. ಯಾವ ದೇವರ ಮುಂದೆ ಬೇಕಾದರೂ ಆಣೆ ಮಾಡುತ್ತೇನೆ. ಹತ್ತಿರಕ್ಕೆ ಬಗ್ಗಿದ್ದೆ, ಅಷ್ಟೇ. ಟಿ ಕಣಗಳು ಹೀಗೆ ದೂರದಿಂದ ಯಾರನ್ನೂ ಗುರುತಿಸುವುದಿಲ್ಲ ಎಂದು ಓದಿದವಳೂ ನಾನೇ.

ಆದರೆ ಆ ರಾತ್ರಿ ಡಾಕ್ಟರ್, "ಈ ಕಿವಿ ಹತ್ರ ಯಾರಾದ್ರೂ ಬಾಯಿ ತಂದಿದ್ರಾ?" ಎಂದು ಕೇಳಿದಾಗ ಅಮ್ಮ, ಅತ್ತಿಗೆ, ಅಣ್ಣ ಮೆಲ್ಲಗೆ ನನ್ನ ಕಡೆ ತಿರುಗಿದರು. ಅವರ ಹಿಂದೆಯೇ, ಅತ್ತಿಗೆಯ ತೋಳಿನಲ್ಲಿದ್ದ ಮಗುವೂ ಅಳು ನಿಲ್ಲಿಸಿ ನನ್ನತ್ತ ಮುಖ ತಿರುಗಿಸಿತು.