ಖಾಲಿ ಕೊಡಬಾರದ ಡಬ್ಬಿ

ಯಾರಾದರೂ ಮಲಗಿದ್ದರೆ ನಾನು ಈಗಲೂ ಮೊದಲು ಅವರ ಎದೆ ನೋಡುತ್ತೇನೆ. ಬಸ್ಸಿನ ಕಿಟಕಿಗೆ ತಲೆಯಾನಿಸಿ ತೂಕಡಿಸುವ ಅಪರಿಚಿತರದ್ದೂ ಸರಿ. ಅದು ಏರಿ ಇಳಿಯುವುದು ಕಂಡ ಮೇಲೆಯೇ ಬೇರೆ ಕಡೆ ನೋಡಲು ಆಗುತ್ತದೆ.

ಶಹಾಪುರದ ನಮ್ಮ ಓಣಿಯಲ್ಲಿ ಡಬ್ಬಿಯನ್ನು ಖಾಲಿ ಮರಳಿಸುವ ಪದ್ಧತಿಯಿಲ್ಲ. ಪಕ್ಕದ ಮನೆಯಿಂದ ಪಲ್ಯ ಬಂತೆಂದರೆ ಆ ಡಬ್ಬಿಯನ್ನು ತೊಳೆದು ಒರೆಸಿ, ಏನಾದರೂ ಹಾಕಿಯೇ ಕೊಡಬೇಕು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಆಗಬೇಕು. ಖಾಲಿ ಕೊಟ್ಟರೆ ಇನ್ನು ನಿಮ್ಮ ಬಳಕೆ ಸಾಕು ಎಂದು ಹೇಳಿದಂತೆ ಎಂಬುದು ಅವ್ವನ ಲೆಕ್ಕ. ಹೀಗಾಗಿ ನಮ್ಮ ಮನೆಗೂ ಪಕ್ಕದ ಮಾಸ್ತರರ ಮನೆಗೂ ನಡುವೆ ಒಂದು ಸ್ಟೀಲ್ ಡಬ್ಬಿ ಸದಾ ಓಡಾಡುತ್ತಲೇ ಇತ್ತು. ಅವರು ಬೌದ್ಧರು. ಮಾಸ್ತರರು ದಿನಾಲು ರಾಮಸಮುದ್ರದ ಶಾಲೆಗೆ ಹೋಗಿಬರುತ್ತಿದ್ದರು. ಅವರ ಹೆಂಡತಿ ಅವ್ವನನ್ನು ಅಕ್ಕ ಎನ್ನುತ್ತಿದ್ದರು, ನಾನು ಅವರನ್ನು ಚಿಕ್ಕಮ್ಮ ಎನ್ನುತ್ತಿದ್ದೆ. ಅವರಿಗೆ ನಾಲ್ಕು ವರ್ಷದ ಮಗಳು. ಅವಳಿಗೆ ನಮ್ಮ ಮನೆ, ಅವರ ಮನೆ ಎಂಬ ಭೇದ ಇನ್ನೂ ತಿಳಿದಿರಲಿಲ್ಲ.

ನಮ್ಮ ಮನೆಯಲ್ಲಿ ಅವ್ವ, ನಾನು, ಕಾಕಾ. ಅಪ್ಪ ತೀರಿಕೊಂಡ ಮೇಲೆ ಅವರ ತಮ್ಮನೇ ಮನೆಗೆ ಗಂಡುದಿಕ್ಕು. ಕಾಕಾ ಮದುವೆಯಾಗಲಿಲ್ಲ, ತೊಗರಿಬೇಳೆ ಮಿಲ್ಲಿನಲ್ಲಿ ಕೆಲಸ. ಐವತ್ತು ದಾಟಿದ ಮೇಲೂ ಅವನಿಗೆ ಒಂದು ಚಟ ಬಿಟ್ಟಿರಲಿಲ್ಲ. ಅವ್ವ ಶೇಂಗಾ ಉಂಡಿ ಕಟ್ಟಿದಳೆಂದರೆ ಕೆಲವನ್ನು ಕದ್ದು ಎಲ್ಲಾದರೂ ಬಚ್ಚಿಡುತ್ತಿದ್ದ. ಅವ್ವ ಹುಡುಕಿ ತೆಗೆದು ಬೈಯುವುದು, ಅವನು ಹಲ್ಲು ಕಿರಿಯುವುದು ಹಬ್ಬದ ಒಂದು ಭಾಗವೇ ಆಗಿತ್ತು.

ಅವನು ಕಾಮನ ಹುಣ್ಣಿಮೆಗೆ ಗೆಳೆಯರೊಂದಿಗೆ ಭಂಗಿ ಸೊಪ್ಪು ಅರೆದು ಕುಡಿಯುವುದೂ ಮನೆಯಲ್ಲಿ ಗೊತ್ತಿತ್ತು. ಯಾರದೋ ಹೊಲದಲ್ಲಿ ಕೂತು ಕುಡಿದು, ಸಂಜೆ ಕೆಂಪು ಕಣ್ಣಿನಲ್ಲಿ ಬಂದು, ರೊಟ್ಟಿಯ ಮೇಲೆ ರೊಟ್ಟಿ ತಿಂದು ಮಲಗುತ್ತಿದ್ದ. ಭಂಗಿ ಎಂದರೆ ಕುಡಿಯುವುದು, ಹೊಲದಲ್ಲಿ ಇರುವುದು. ಅದು ಮನೆಯ ತಿನಿಸಿನೊಳಗೆ ಬರಬಹುದೆಂಬ ಕಲ್ಪನೆಯೇ ಅವ್ವನಿಗೆ ಇರಲಿಲ್ಲ.

ಆ ವರ್ಷ ಹುಣ್ಣಿಮೆಗೆ ಮೊದಲು ನಾನೂ ಅವ್ವನೂ ತೊಟ್ಟಿಲ ಕಾರ್ಯಕ್ಕೆಂದು ಕೊಂಕಲ್‌ಗೆ ಹೋಗಿದ್ದೆವು. ತಿರುಗಿ ಬಂದಾಗ ಮನೆಯೆಲ್ಲ ತುಪ್ಪದ ವಾಸನೆ. ಅದರ ಅಡಿಯಲ್ಲಿ ಹಸಿ ಹುಲ್ಲು ಸುಟ್ಟಂಥ ಇನ್ನೊಂದು ವಾಸನೆ.

"ವೈನಿ, ಬೆಣ್ಣಿ ಕೆಡಾಕತ್ತಿತ್ತು. ನಾನ ಕಾಸಿಟ್ಟೀನಿ," ಎಂದ ಕಾಕಾ.

"ಸೂರ್ಯ ಇವತ್ತ ಎತ್ತಾಗ ಹುಟ್ಯಾನೋ ಮಾರಾಯ! ಹೊತ್ತಿಸಿಯಲ್ಲೋ, ವಾಸನಿ ನೋಡು."

"ಗಂಡಸರ ಕೈ ಅಡಗಿ ವೈನಿ, ಹಿಂಗ ಇರ್ತದ."

ಅವ್ವ ಒಳಗೊಳಗೇ ಹಿಗ್ಗಿದಳು. ಎಂದೂ ಒಲೆಯ ಹತ್ತಿರ ಸುಳಿಯದವನು ತುಪ್ಪ ಕಾಸಿದ್ದನಲ್ಲ.

ನಡೆದದ್ದನ್ನು ಕಾಕಾ ಆಮೇಲೆ ಹೇಳಿದ. ತಿನಿಸಿನಲ್ಲಿ ಹಾಕಿದರೆ ಅಮಲು ಜಾಸ್ತಿ ಹೊತ್ತು ಇರುತ್ತದೆಂದು ಗೆಳೆಯನೊಬ್ಬ ಮೊಬೈಲಿನಲ್ಲಿ ನೋಡಿ ಹೇಳಿದ್ದನಂತೆ. ಅವ್ವ ಹಬ್ಬಕ್ಕೆ ಕಟ್ಟಿಟ್ಟ ಉಂಡಿಗಳಲ್ಲೇ ಒಂದಿಷ್ಟನ್ನು ಪುಡಿಮಾಡಿ, ಭಂಗಿ ಸೊಪ್ಪು ಹಾಕಿ ಕಾಸಿದ ತುಪ್ಪ ಬೆರೆಸಿ, ಮತ್ತೆ ಉಂಡಿ ಕಟ್ಟಿದ್ದ. ಡಬ್ಬಿಗೆ ಹಾಕಿ ಜೋಳದ ಡ್ರಮ್ಮಿನೊಳಗೆ ಹೂತಿಟ್ಟಿದ್ದ. ನೋಡಲು ಅವು ಅವ್ವನ ಉಂಡಿಗಳೇ.

ಹುಣ್ಣಿಮೆಯ ಹಿಂದಿನ ದಿನ ಬೆಳಿಗ್ಗೆ ಚಿಕ್ಕಮ್ಮನ ಮನೆಯಿಂದ ಪುಂಡಿಪಲ್ಯ ಬಂತು. ಅವ್ವ ಡಬ್ಬಿ ತೊಳೆದಿಟ್ಟಳು. ಆಮೇಲೆ ಗಿರಣಿಗೆ ಕೊಡಲು ಜೋಳ ತೋಡುತ್ತಿದ್ದಾಗ ಅವಳ ಕೈಗೆ ಏನೋ ತಾಗಿತು.

"ಬಾ ಇಲ್ಲೆ! ನಿಮ್ಮ ಕಾಕಾನ ಖಜಾನಿ ಸಿಕ್ತು!"

ಜೋಳದ ಧೂಳು ಮೆತ್ತಿದ ಡಬ್ಬಿ ಹಿಡಿದು ಅವ್ವ ನಗುತ್ತಿದ್ದಳು. ನಾನೂ ನಕ್ಕೆ. "ಉಂಡಿ ಕಡಿಮಿ ಆಗ್ಯಾವ ಅಂದ್ರ ನನಗ ಎಣಸಾಕ ಬರಂಗಿಲ್ಲ ಅಂದಿದ್ದ, ಕಳ್ಳ. ಇರ್ಲಿ, ಕಳ್ಳನ ಮಾಲು ಕೂಸಿಗೆ ಸೇರ್ಲಿ," ಎಂದು ಅವನ್ನು ಚಿಕ್ಕಮ್ಮನ ಡಬ್ಬಿಗೆ ಹಾಕಿದಳು. ಅವಳ ಬೆರಳು, ಉಂಡಿ, ಡಬ್ಬಿಯ ಬಾಯಿ. ನನಗೆ ಮತ್ತೆ ಮತ್ತೆ ಕಾಣುವುದು ಅದೇ. ನನ್ನ ನೆನಪಿನಲ್ಲಿ ಆ ಕೈ ಅವಸರ ಮಾಡುವುದಿಲ್ಲ, ಯಾರೂ ತಡೆಯುವುದೂ ಇಲ್ಲ.

ಮಧ್ಯಾಹ್ನ ಹುಡುಗಿ ನಮ್ಮ ಅಂಗಳದಲ್ಲಿ ಗೋಡೆ ನೋಡಿ ನಗುತ್ತಿದ್ದಳು. "ಏನವಾ, ಗೋಡಿ ಏನ ಹೇಳಾಕತ್ತದ?" ಎಂದು ಅವ್ವ ಕೇಳಿದರೆ ಇನ್ನೂ ಜೋರಾಗಿ ನಕ್ಕಳು. ಎದ್ದು ನಡೆಯಹೋಗಿ ವಾಲಿ ಕೂತಳು. ಬಿಸಿಲು ಬಡಿದದ ಎಂದು ಅವ್ವ ಅವಳನ್ನು ಎತ್ತಿಕೊಂಡು ಹೋಗಿ ಮನೆಗೆ ಬಿಟ್ಟು ಬಂದಳು. ಆಮೇಲೆ ಗೋಡೆಯಾಚೆಯಿಂದ ಚಿಕ್ಕಮ್ಮನ ಕೂಗು.

"ಅಕ್ಕಾ, ಕೂಸು ಕಣ್ಣ ತೆರಿವಲ್ದು!"

ಹುಡುಗಿಯ ಕೈ ಎತ್ತಿದರೆ ಒದ್ದೆ ಬಟ್ಟೆಯಂತೆ ಬೀಳುತ್ತಿತ್ತು. ಅವ್ವ ಉಪ್ಪು ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆದಳು. ನಾನು ಆಟೋ ತಂದೆ. ಮಾಸ್ತರರು ಇನ್ನೂ ಶಾಲೆಯಲ್ಲಿದ್ದರು, ಅವ್ವ ಮನೆಯಲ್ಲೇ ಉಳಿದಳು, ನಾನೂ ಚಿಕ್ಕಮ್ಮನೂ ಕೂಸನ್ನು ಒಯ್ದೆವು. ಊರಿನ ದವಾಖಾನೆಯಲ್ಲಿ ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಏನು ತಿಂದಿದ್ದಾಳೆಂದು ಕೇಳಿದರು. "ರೊಟ್ಟಿ, ಪುಂಡಿಪಲ್ಯ, ಒಂದು ಉಂಡಿ," ಎಂದರು ಚಿಕ್ಕಮ್ಮ. ಅದರಲ್ಲಿ ಯಾರಿಗೂ ಏನೂ ಕಾಣಲಿಲ್ಲ. ಮೆದುಳು ಜ್ವರ ಇರಬಹುದು, ಯಾದಗಿರಿಗೆ ಒಯ್ಯಿರಿ ಎಂದು ಆಂಬುಲೆನ್ಸ್ ಹತ್ತಿಸಿದರು.

ಊರು ದಾಟುವಾಗ ಕಿಟಕಿಯಲ್ಲಿ ನಮ್ಮ ಗುಡ್ಡ ಕಂಡಿತು, ಮಲಗಿದ ಬುದ್ಧನಂತೆ ಕಾಣುತ್ತದೆಂದು ಹೊರಗಿನವರು ಫೋಟೋ ತೆಗೆದುಕೊಳ್ಳುವ ಗುಡ್ಡ. ಹುಟ್ಟಿದಾಗಿನಿಂದ ನೋಡಿದ ಆ ಮಲಗಿದ ಮೈ ಅಂದು ಅಲುಗಾಡದೆ ಬಿದ್ದಿರುವುದನ್ನು ನೋಡಲಾಗದೆ ನಾನು ಮುಖ ತಿರುಗಿಸಿದೆ. ಹುಡುಗಿ ಉಸಿರು ಬಿಟ್ಟ ಮೇಲೆ ಮುಂದಿನದು ಬರಲು ತುಂಬಾ ತಡವಾಗುತ್ತಿತ್ತು. ಅಷ್ಟು ಹೊತ್ತೂ ಚಿಕ್ಕಮ್ಮ ನನ್ನ ಕೈ ಹಿಡಿದೇ ಇದ್ದರು.

ಭೀಮಾ ಸೇತುವೆಯ ಹತ್ತಿರ ಅವ್ವನ ಫೋನು ಬಂತು. ಕಾಕಾ ಮಿಲ್ಲಿನಿಂದ ಬಂದಿದ್ದ. ಅವ್ವ ಅವನಿಗೆ ಹೇಳುತ್ತಿರುವುದು ನನಗೂ ಕೇಳಿಸುತ್ತಿತ್ತು. "ಚೆಂದಾಗೇ ಇತ್ತೋ. ನೀ ಜೋಳದಾಗ ಮುಚ್ಚಿಟ್ಟಿದ್ದ ಉಂಡಿ ತಿಂದು ಆಡಾಕತ್ತಿತ್ತು."

"ಯಾವ ಉಂಡಿ ವೈನಿ?" ಎಂದ ಕಾಕಾ. ಆಮೇಲೆ ಅವನು ಹೇಳಿದ್ದು ನನಗೆ ಕೇಳಿಸಲಿಲ್ಲ. ಅವ್ವ ಕಿರುಚಿದ್ದು ಕೇಳಿಸಿತು. ಫೋನು ಅವನ ಕೈಗೆ ಹೋಯಿತು. "ಮಗಳ, ಅದರಾಗ ಭಂಗಿ ಅದವಾ. ಹೇಳಿದ್ರ ಪೊಲೀಸ್ ಕೇಸ್ ಆಗ್ತದ... ಏನ್ ಮಾಡ್ಲಿ?"

"ಸುಡು ನಿನ್ನ ಪೊಲೀಸ!" ಹಿಂದಿನಿಂದ ಅವ್ವ. "ಹೇಳವಾ, ಡಾಕ್ಟರ್‌ಗೆ ಹೇಳು ಮೊದಲ!"

"ಹೌದು, ಹೇಳು," ಎಂದ ಕಾಕಾ. "ನಾನ ಮಾಡೀನಿ ಅಂತ ಹೇಳು."

ಯಾದಗಿರಿಯಲ್ಲಿ ಸ್ಟ್ರೆಚರ್ ಇಳಿಸುತ್ತಲೇ ಹೇಳಿದೆ. ಬೇರೆಡೆಗೆ ತಿರುಗಿ ಹೇಳುವಷ್ಟು ಹೊತ್ತಿರಲಿಲ್ಲ, ಚಿಕ್ಕಮ್ಮ ಪಕ್ಕದಲ್ಲೇ ನಿಂತಿದ್ದರು. ಡಾಕ್ಟರು ನರ್ಸಿಗೆ ಏನೋ ಕೂಗಿ ಆಕ್ಸಿಜನ್ ಹಚ್ಚಿಸಿದರು. "ಈಗರ ಹೇಳಿದ್ರಲ್ಲ. ಮೆದುಳು ಜ್ವರ ಅಂತ ಬೆನ್ನಿಗೆ ಸೂಜಿ ಹಾಕಿ ನೋಡೋದೊಂದು ತಪ್ಪಿತು. ಉಸಿರು ಕಾಯಬೇಕು, ಅಷ್ಟೇ," ಎಂದರು. ನನ್ನ ಕೈಯಿಂದ ಚಿಕ್ಕಮ್ಮನ ಬೆರಳುಗಳು ಒಂದೊಂದಾಗಿ ಬಿಡಿಸಿಕೊಂಡವು. ಅವರು ಹೋಗಿ ಮಂಚದ ಆಚೆ ಬದಿಗೆ ನಿಂತರು. ಆ ಮಂಚದ ಎರಡು ಬದಿಗಳಲ್ಲಿ ನಿಂತು ನಾವು ಒಂದೇ ಎದೆಯನ್ನು ನೋಡುತ್ತಿದ್ದೆವು.

ಮರುದಿನ ಊರೆಲ್ಲ ಕಾಮನನ್ನು ಸುಡಲು ಕಟ್ಟಿಗೆ ಒಟ್ಟುತ್ತಿದ್ದಾಗ ಹುಡುಗಿ ಕಣ್ಣು ಬಿಟ್ಟು ನೀರು ಕೇಳಿದಳು.

ಪೊಲೀಸರು ಬಂದರು. ಕಾಕಾ ಏನನ್ನೂ ಮುಚ್ಚಿಡಲಿಲ್ಲ. ಆ ಪ್ರಕರಣ ಇನ್ನೂ ನಡೆದಿದೆ. ಮಾಸ್ತರರ ಮುಂದೆ ದಿನಾಲು ಓಡಾಡಲಾರೆ ಎಂದು ಅವನು ಸುರಪುರದಲ್ಲಿ ಒಂದು ಖೋಲಿ ಹಿಡಿದ. ಅವ್ವ ಉಂಡಿ ಕಟ್ಟುವುದನ್ನು ಬಿಟ್ಟಳು. ಗೋಡೆಯಾಚೆಗಿನ ಮಾತು ನಿಂತಿತು. ಹುಡುಗಿ ನಮ್ಮ ಬಾಗಿಲವರೆಗೂ ಬಂದು, ತನ್ನ ಮನೆಯೊಳಗಿನಿಂದ ತಾಯಿ ಕರೆದರೆ ತಿರುಗಿ ಹೋಗುತ್ತಿದ್ದಳು.

ಬುದ್ಧ ಪೂರ್ಣಿಮೆಯ ದಿನ ಅವಳೇ ಎರಡು ಕೈಯಲ್ಲಿ ಹಿಡಿದು ತಂದಳು, ಅದೇ ಡಬ್ಬಿ. ಒಳಗೆ ಖೀರು. "ಅವ್ವ ಕೊಟ್ಟಾಳ," ಎಂದು ಇಟ್ಟು ಓಡಿದಳು.

ಅವ್ವ ಡಬ್ಬಿ ತೊಳೆದಳು. ಒರೆಸಿದಳು. ಮತ್ತೆ ತೊಳೆದಳು. ಖಾಲಿ ಕೊಡುವಂತಿಲ್ಲ, ತುಂಬಲು ಕೈ ಏಳುತ್ತಿಲ್ಲ. ಡಬ್ಬಿ ಕೆಲವು ದಿನ ಕಟ್ಟೆಯ ಮೇಲೆ ಬೋರಲು ಬಿದ್ದಿತ್ತು. ಕೊನೆಗೆ ಅಂಗಡಿಯಿಂದ ಒಡೆಯದ ಸಕ್ಕರೆ ಪಾಕೀಟು ತರಿಸಿ, ಡಬ್ಬಿಯನ್ನೂ ಹಿಡಿದು, ನನ್ನನ್ನು ಕರೆದುಕೊಂಡು ಹೋದಳು.

"ತಂಗಿ, ನೀನ ಒಡಿ. ನೀನ ಹಾಕ್ಕೋ. ನನ್ನ ಕೈ ಬ್ಯಾಡ."

ಚಿಕ್ಕಮ್ಮ ಬಹಳ ಹೊತ್ತು ಪಾಕೀಟು ನೋಡಿದರು. ಆಮೇಲೆ ಹಲ್ಲಿನಿಂದ ಅದರ ಮೂಲೆ ಹರಿದು ಅವ್ವನ ಕೈಗೇ ತಿರುಗಿ ಕೊಟ್ಟರು. "ನೀವ ಹಾಕ್ರಿ ಅಕ್ಕಾ." ಅವ್ವ ಸುರಿದಳು. ಅರ್ಧ ಸಕ್ಕರೆ ನೆಲಕ್ಕೆ ಚೆಲ್ಲಿತು. ಚಿಕ್ಕಮ್ಮ ಡಬ್ಬಿಯೊಳಗಿನ ಸಕ್ಕರೆ ಒಂದು ಚಿಟಿಕೆ ತೆಗೆದು ಮೊದಲು ತಮ್ಮ ಬಾಯಿಗೆ ಹಾಕಿಕೊಂಡರು. ಆಮೇಲೆ ಡಬ್ಬಿಯನ್ನು ಹುಡುಗಿಯ ಕೈಗೆಟುಕದ ಮೇಲಿನ ಹಲಗೆಗೆ ಇಟ್ಟರು.

ಒಳಗಿನ ಕೋಣೆಯಲ್ಲಿ ಹುಡುಗಿ ಬಾಯಿ ತೆರೆದು ಮಲಗಿದ್ದಳು. ಅವರಿಬ್ಬರೂ ಚೆಲ್ಲಿದ ಸಕ್ಕರೆ ಬಳಿದು ತೆಗೆಯುತ್ತಿದ್ದಾಗ ನಾನು ಹೊಸ್ತಿಲಲ್ಲಿ ನಿಂತು ಅವಳ ಎದೆಯನ್ನು ನೋಡುತ್ತಿದ್ದೆ.