ಟಿವಿಯ ಬೈರಾಸು ತೆಗೆದ ಅತ್ತಿಗೆ

ಟಿವಿ ನೋಡುವ ಮೊದಲು ತೊಡೆ ತಟ್ಟುವ ಹೆಂಗಸು ಎಂದರೆ ನಾನು ಕಂಡದ್ದು ಒಬ್ಬರನ್ನೇ, ನನ್ನ ಅತ್ತಿಗೆ ರುಕ್ಮಿಣಿಯವರನ್ನು. ನಮ್ಮ ಮನೆಯ ಚಾವಡಿಯ ಬೆಂಚಿನ ಮೂಲೆಯಲ್ಲಿ ಒಂದು ಕಾಲು ಮಡಚಿ ಕುಳಿತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಲತೊಡೆಗೆ ಫಟ್ಟೆಂದು ಒಂದೇಟು ಹಾಕಿ, ರಿಮೋಟನ್ನು ಬಾಯಿಯ ಹತ್ತಿರ ತಂದು, "ಹ್ವಾಯ್, ಕಬಡ್ಡಿ ಹಾಕ್ ಕಾಂಬ" ಎನ್ನುತ್ತಿದ್ದರು. ಹೊಳೆಯಾಚೆ ನಿಂತವರನ್ನು ಕರೆಯುವಂಥ ದನಿ. ರಿಮೋಟು ಕೈಯಲ್ಲೇ ಇದೆಯಲ್ಲ, ಮೆಲ್ಲ ಹೇಳಿದರೆ ಸಾಲದೇ ಎಂದರೆ, "ಅದ್ಕ್ ಮಾತ್ರ ಕೇಂಡ್ರೆ ಸಾಕಾ? ಊರಿಗೂ ಕೇಣ್ಲಿ, ರುಕ್ಮಿಣಿ ಇನ್ನೂ ಇದ್ಲ್ ಅಂದೇಳಿ" ಎಂಬ ಉತ್ತರ.

ಮಕ್ಕಳೇ, ಬ್ರಹ್ಮಾವರದಿಂದ ರಜೆಗೆ ಬಂದಾಗ ನೀವು ಮುಂಬೈ ಅಜ್ಜಿ ಎಂದು ಕರೆಯುತ್ತಿದ್ದದ್ದು ಇವರನ್ನೇ. ನಿಮ್ಮ ಅಜ್ಜನ ಅಕ್ಕ. ಗಂಡ ತೀರಿಕೊಂಡ ಮೇಲೂ ಮುಂಬೈ ಬಿಡದೆ, ಚಾಳಿನ ಒಂದು ಕೋಣೆಯಲ್ಲಿ ಕೆಲಸಗಾರರಿಗೆ ಬುತ್ತಿ ಕಟ್ಟಿಕೊಟ್ಟು ಬದುಕಿದವರು. ಮೈದಾನದಲ್ಲಿ ಗಂಡಸರ ನಡುವೆ ನಿಂತು ಕಬಡ್ಡಿ ನೋಡುವ ಚಟ ಹತ್ತಿದ್ದೂ ಅಲ್ಲೇ. ನಿಮ್ಮ ಅಜ್ಜ ಹೋದ ಸುದ್ದಿ ಕೇಳಿ ತಲ್ಲೂರಿನ ನಮ್ಮ ಮನೆಗೆ ಬಂದವರು ಮತ್ತೆ ಹಿಂದಿರುಗಲಿಲ್ಲ.

ಅವರು ಬಂದಾಗ ನಮ್ಮ ಟಿವಿಯ ಮೇಲೆ, ಗಂಡಸರು ಹೆಗಲಿಗೆ ಹಾಕುವ ಬೈರಾಸು ಹೊದೆಸಿತ್ತು. ಹೊದೆಸಿದವರು ಪಕ್ಕದ ಮನೆಯ ಸದಾಶಿವ ಭಾವ. ನಿಮ್ಮ ಅಜ್ಜನಿಗೆ ಅಣ್ಣ, ಅತ್ತಿಗೆಗೆ ತಮ್ಮ. ಸಾವಾದ ಮನೆ, ವರ್ಷ ಕಳೆಯುವ ತನಕ ಟಿವಿ ಹಾಕಬಾರದು ಎಂದಿದ್ದರು. ಭಾವನೆದುರು ಮಾತಾಡಿ ನನಗೆ ರೂಢಿಯೇ ಇರಲಿಲ್ಲ. ಚಾವಡಿಗೆ ಯಾರಾದರೂ ಬಂದರೆ ಒಳಬಾಗಿಲ ಹಿಂದೆ ನಿಲ್ಲುವುದು, ಅವರು ಹೋದ ಮೇಲೆ ಲೋಟ ಎತ್ತುವುದು, ಅಷ್ಟೇ.

ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದ ಮರುದಿನ ಅತ್ತಿಗೆ ಕೇಳಿದರು. "ಸದಾಶಿವ, ನಿನ್ ಮನಿ ಟಿವಿಗೂ ಬೈರಾಸ್ ಹೊದ್ಸಿದ್ಯಾ?"

"ನಮ್ಮನಿಯಂಗ್ ಎಂತಕೆ ಅಕ್ಕ? ವಾರ್ತೆ ಕಾಣ್ಕಲ್ದಾ?"

"ಸತ್ತದ್ ನಿನ್ ತಮ್ಮ ಅಲ್ದಾ? ನಿಂಗ್ ವಾರ್ತೆ ಬೇಕ್, ಅವ್ನ್ ಹೆಂಡ್ತಿ ಗ್ವಾಡಿ ಕಾಂತಾ ಕೂಕಣ್ಕಾ?"

ಬೈರಾಸು ಎಳೆದರು, ಅದರಲ್ಲೇ ಟಿವಿಯ ಧೂಳು ಒರೆಸಿದರು, ತಮ್ಮನ ಹೆಗಲಿಗೇ ಹಾಕಿದರು. ಆಮೇಲೆ ಟ್ರಂಕಿನಿಂದ ಒಂದು ಸಣ್ಣ ಕಪ್ಪು ಡಬ್ಬಿ ತೆಗೆದು ಟಿವಿಯ ಹಿಂದೆ ಸಿಕ್ಕಿಸಿದರು. ಕೇಬಲ್ ಬೇಡ, ಡಿಶ್ ಬೇಡ, ವೈಫೈ ಇದ್ದರೆ ಸಾಕು. ಬೇಕಾದ್ದನ್ನು ಅದರ ರಿಮೋಟಿಗೆ ಬಾಯಲ್ಲಿ ಹೇಳಿ ತರಿಸಬಹುದು. ವಂಡ್ಸೆಯ ಮೈದಾನದ ಪಂದ್ಯ, ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವ ಹುಡುಗರು ಆಡುವ ಪಂದ್ಯ, ಯಾರೋ ಮೊಬೈಲಿನಲ್ಲಿ ಹಿಡಿದು ಬಿಟ್ಟದ್ದೆಲ್ಲ ನಮ್ಮ ಚಾವಡಿಗೆ ಬರತೊಡಗಿತು. ಅತ್ತಿಗೆ ಆಟಗಾರರನ್ನು ಎದುರೇ ನಿಂತಂತೆ ಬೈಯುತ್ತಿದ್ದರು. "ಕಾಲ್ ಹಿಡಿಯಾ! ಅಂಗಿ ಎಂತಕೆ ಹಿಡಿತೆ, ಇಸ್ತ್ರಿ ಮಾಡುಕಾ?"

ನನ್ನನ್ನೂ ಬಿಡಲಿಲ್ಲ. ರಿಮೋಟು ನನ್ನ ಮುಖದ ಮುಂದೆ ಹಿಡಿದು "ನೀ ಹೇಳ್" ಎನ್ನುವರು. ನಾನು ಅದನ್ನು ಅವರ ಕಡೆಗೇ ತಳ್ಳುತ್ತಿದ್ದೆ.

"ನೀ ಶಾಲಿಯಂಗ್ ಕಬಡ್ಡಿ ಆಡ್ತಿದ್ಯಂಬ್ರ್. ಉಸ್ರ್ ಬಿಡ್ದೆ ಆಚಿ ಗೆರೆ ಮುಟ್ಟಿ ಬತ್ತಿದ್ಯಂಬ್ರ್. ನಿನ್ ಗಂಡನೇ ಹೇಳದ್ದ್ ನಂಗೆ."

ನಿಜ. ದೊಡ್ಡವಳಾದೆ ಎಂದು ಮನೆಯವರು ಆಟ ಬಿಡಿಸಿದರು, ಹಿಂದೆಯೇ ಶಾಲೆಯನ್ನೂ ಬಿಡಿಸಿದರು. ಮದುವೆಯಾದ ಹೊಸತರಲ್ಲಿ ಒಮ್ಮೆ ಹೇಳಿದ್ದೆ. ನಿಮ್ಮ ಅಜ್ಜ ಅದನ್ನು ನೆನಪಿಟ್ಟು ಅಕ್ಕನ ಹತ್ತಿರ ಹೇಳಿಕೊಂಡಿದ್ದರು ಎಂದು ನನಗೆ ಗೊತ್ತಾದದ್ದು ಆ ದಿನ.

ಆ ವರ್ಷ ಆಯುಧಪೂಜೆ ಬಂತು. ಈ ಮನೆಗೆ ಹಬ್ಬವಿಲ್ಲ ಎಂದರು ಭಾವ.

"ಹಬ್ಬ ನಮ್ಗಿಲ್ಲೆ. ದುಡಿಯು ಸಾಮಾನಿಗ್ ಎಂತ ಸೂತಕ?" ಎಂದು ಅತ್ತಿಗೆ ಗ್ರೈಂಡರು, ತರಕಾರಿ ಹೆಚ್ಚುವ ಮೆಟ್ಟುಗತ್ತಿ, ಡಬ್ಬಿ, ರಿಮೋಟು ಎಲ್ಲಕ್ಕೂ ಗಂಧ ಹಚ್ಚಿ ಹೂ ಏರಿಸಿದರು. ರಿಮೋಟಿನ ನೆತ್ತಿಗೆ ಪ್ರೀತಿಯಿಂದ ದಪ್ಪ ಬೊಟ್ಟು.

ಅಂದು ಸಂಜೆಯೇ ವಂಡ್ಸೆಯಲ್ಲಿ ಫೈನಲ್, ಆಡುವುದು ನಮ್ಮೂರಿನ ತಂಡ. ಭಾವನ ಮನೆಯ ಟಿವಿಯಲ್ಲಿ ಅದು ಬರುವುದಿಲ್ಲ. ಹಾಗಾಗಿ ಭಾವನೇ ನೆರೆಯವರನ್ನು ಕಟ್ಟಿಕೊಂಡು ಬಂದು ನಮ್ಮ ಬೆಂಚು ಹಿಡಿದರು! ಅತ್ತಿಗೆ ತೊಡೆ ತಟ್ಟಿ ಕೂಗಿದರು. ಟಿವಿ ಸುಮ್ಮನಿತ್ತು. ಮತ್ತೆ ಕೂಗಿದರು. "ಕೆಮಿ ಕೇಂತಿಲ್ಯಾ ನಿಂಗೆ?" ಭಾವ ರಿಮೋಟು ತೆಗೆದುಕೊಂಡು ಒಂದೊಂದೇ ಅಕ್ಷರ ಒತ್ತಲು ಹೋಗಿ ಎಲ್ಲೆಲ್ಲೋ ಸಿಕ್ಕಿಬಿದ್ದರು. ಸಿಟ್ಟು ಬಂತು.

"ವರ್ಷ ಕಳೀದೆ ಟಿವಿ ಹಾಕಿರೆ ಹೀಂಗೇ ಆಪ್ದ್. ಆ ಡಬ್ಬಿ ಕಿತ್ತ್ ಕೊಡಿ ನಂಗೆ. ಇನ್ನ್ ಈ ಮನಿಯಂಗ್ ಟಿವಿ ಬ್ಯಾಡ." ಹೆಗಲ ಮೇಲಿನ ಬೈರಾಸು ಅವರ ಕೈಗೆ ಬಂತು.

ಒಳಬಾಗಿಲ ಹಿಂದೆ ನಿಂತ ನನಗೆ ಕಾಣುತ್ತಿತ್ತು. ರಿಮೋಟಿನ ನೆತ್ತಿಯಲ್ಲಿರುವ, ಮಾತು ಕೇಳಿಸಿಕೊಳ್ಳುವ ಸಣ್ಣ ತೂತು ಗಂಧದಲ್ಲಿ ಮುಚ್ಚಿಹೋಗಿತ್ತು. ಹೇಳುವವರು ಯಾರು? ಹೇಳದಿದ್ದರೆ ಡಬ್ಬಿ ಹೋಗುತ್ತದೆ, ನಾನು ಮತ್ತೆ ಗೋಡೆ ನೋಡುತ್ತ ಕೂರಬೇಕು. ಹೇಗೆ ಹೊಸ್ತಿಲು ದಾಟಿದೆನೋ ತಿಳಿಯದು. ಭಾವನ ಕೈಯಿಂದ ರಿಮೋಟು ತೆಗೆದುಕೊಂಡೆ. ಸೆರಗಿನ ಪಿನ್ನಿನಿಂದ ಒಣಗಿದ ಗಂಧ ಕೆದಕಿದೆ, ಊದಿದೆ, ಬಟನ್ ಒತ್ತಿ ಬಾಯಿ ತೆರೆದೆ. ಹೊರಟದ್ದು ಬರೀ ಗಾಳಿ.

"ಗಟ್ಟಿ ಹೇಳ್ ಹೆಣೆ!" ಅತ್ತಿಗೆ ಗದರಿದರು. "ಕಬಡ್ಡಿ ಬಾಯೊಳ್ಗೇ ಹೇಳಿರೆ ಔಟ್!"

"ವಂಡ್ಸೆ ಕಬಡ್ಡಿ!" ಎಂದೆ. ಶಾಲೆಯ ಅಂಗಳದಲ್ಲಿ ಬಿಟ್ಟು ಬಂದ ದನಿ ಅದು. ಟಿವಿಯಲ್ಲಿ ಮೈದಾನದ ದೀಪಗಳು ಹೊತ್ತಿದವು. ಬಂದವರೆಲ್ಲ ಹೋ ಎಂದರು.

"ಸದಾಶಿವ, ಕೆಳ್ಗ್ ಕೂಕೋ. ಅವ್ಳಿಗ್ ಜಾಗ ಬಿಡ್" ಎಂದರು ಅತ್ತಿಗೆ. ಭಾವ ಎದ್ದರು. ನಾನು ಕೂತೆ.

ಈ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಉಂಡು ಮಲಗಿದ ಅತ್ತಿಗೆ ಏಳಲಿಲ್ಲ. ಅವರ ಬೊಜ್ಜ ಮುಗಿದ ಸಂಜೆ ನಾನು ಪಾತ್ರೆ ತೊಳೆದು ಚಾವಡಿಗೆ ಬಂದರೆ ಟಿವಿಯ ಮೇಲೆ ಮತ್ತೆ ಬೈರಾಸು. ಭಾವ ಬೆಂಚಿನಲ್ಲಿ ಕುಳಿತಿದ್ದರು.

"ಒಂದ್ ವರ್ಷ ಅಷ್ಟೇ" ಎಂದರು, ನನ್ನ ಮುಖ ನೋಡದೆ.

ನಾನು ಬೈರಾಸು ತೆಗೆದೆ, ಮಡಚಿದೆ, ಅವರ ಪಕ್ಕದಲ್ಲಿಟ್ಟೆ.

"ನಿಮ್ ಬೈರಾಸ್ ಭಾವ. ನಿಮ್ಮನಿ ಟಿವಿಗ್ ಹೊದ್ಸಿ. ಸತ್ತದ್ ನಿಮ್ಮಕ್ಕ."

ಅವರು ಬೈರಾಸನ್ನು ತೊಡೆಯ ಮೇಲೆ ಎಳೆದುಕೊಂಡರು. ಎದ್ದು ಹೋಗಲಿಲ್ಲ. ಹಂಗಾರಕಟ್ಟೆಯಲ್ಲಿ ಅಂದು ಪಂದ್ಯವಿತ್ತು. ಬೆಂಚಿನ ಮೂಲೆ ಖಾಲಿ ಇತ್ತು. ಅಲ್ಲಿ ಒಂದು ಕಾಲು ಮಡಚಿ ಕುಳಿತೆ, ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ಬಲತೊಡೆಗೆ ಒಂದೇಟು ಹಾಕಿದೆ.

"ಹ್ವಾಯ್!" ಎಂದೆ. ಹೊಳೆಯಾಚೆಗೂ ಕೇಳಿರಬೇಕು.