ಸುಬೇದಾರರ ಎಡತೋಳಿನ ಪಟ್ಟಿ

ರಕ್ತ ಅಡ್ಡಿಯಿಲ್ಲದೆ ಹರಿದರೆ ಮಾತ್ರ ಮನುಷ್ಯನಿಗೆ ಬಲ ಎಂದು ಬಲ್ಲವರೆಲ್ಲ ಒಪ್ಪಿದ್ದಾರೆ. ಸುಬೇದಾರ್ ಕುಶಾಲಪ್ಪನವರು ಒಪ್ಪಿರಲಿಲ್ಲ. ಎಡತೋಳಿಗೆ ಸೈಕಲ್ ಟ್ಯೂಬಿನ ತುಂಡು ಬಿಗಿದುಕೊಂಡು, ಬದನೆಕಾಯಿ ಬಣ್ಣಕ್ಕೆ ತಿರುಗಿದ ಕೈಯೊಂದಿಗೆ ಅವರು ಒಂದು ಬೆಳಿಗ್ಗೆ ನಮ್ಮ ಔಷಧಾಲಯಕ್ಕೆ ಬಂದರು. ನಾನಲ್ಲಿ ಕಾಂಪೌಂಡರ್.

"ಕೈ ಸತ್ತೋಗ್ತದೆ ಸುಬೇದಾರ್ರೇ!"

"ಸಾಯೋದಿಲ್ಲ ಕಾಂಪೌಂಡರೇ, ಕವಾಯತು ಮಾಡ್ತಾ ಉಂಟು."

ಮೆಣಸು ಕೊಯ್ಯುವ ಏಣಿಯಿಂದ ಬಿದ್ದು ಮುರಿದ ಕೈ ಅದು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. "ರಾಜ್ಯಕ್ಕೆ ರಾಜ್ಯವೇ ಕೂಡ್ಕೊಂಡ್ತು, ಈ ಒಂದು ಮೂಳೆಗೆ ಎಂಥ ಹಟ?" ಎಂದು ಅವರು ಬೈದ ಮೇಲೆ ಮೂಳೆಯೂ ಕೂಡಿಕೊಂಡಿತು. ಕರಗಿದ ಮಾಂಸ ಮಾತ್ರ ಮರಳಿ ಬರಲಿಲ್ಲ. ಕೋವಿ ಕತ್ತಿಗಳಿಗೆ ಪೂಜೆ ಮಾಡುವ ಕೈಲ್ ಮುಹೂರ್ತದ ಹಬ್ಬಕ್ಕೆ ಎರಡೇ ತಿಂಗಳಿತ್ತು. ಆ ದಿನ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಮೊದಲ ಗುಂಡು ಮನೆಯ ಹಿರಿಯನದು. ಆ ಮನೆಗೆ ಹಿರಿಯರಾದ ಸುಬೇದಾರರ ಕೈಯಲ್ಲಿ ಬಂದೂಕು ನಡುಗುತ್ತಿತ್ತು. ಅವರ ತಮ್ಮ ಸೋಮಯ್ಯ ಆಗಲೇ ಒಂದು ಕವೆಗೋಲು ಕಡಿದು ತಂದಿದ್ದ: "ಇದರ ಮೇಲೆ ಇಟ್ಟು ಹೊಡಿ ಅಣ್ಣ."

"ನಾನೇನು ಗದ್ದೆಯಲ್ಲಿ ಹಂದಿ ಕಾಯೋನಾ?"

ಹೆಚ್ಚು ಭಾರ ಎತ್ತಲು ಮೂಳೆ ಬಿಡದು. ದಂಡಿನಲ್ಲಿದ್ದಾಗ ಗಾಯಕ್ಕೆ ಕಟ್ಟು ಬಿಗಿದ ಕೈಗೆ ನೀರಿನ ತಂಬಿಗೆಯೂ ಬಂಡೆಯಾಗಿತ್ತಂತೆ. ಕಟ್ಟಿದ ಕೈ ಹಗುರ ಭಾರಕ್ಕೇ ದಣಿಯುತ್ತದೆ, ದಣಿವು ಬಂದರೆ ಬಲವೂ ಬರಲೇಬೇಕು ಎಂಬುದು ಅವರ ತರ್ಕ. ತೋಳು ಕಟ್ಟಿಕೊಂಡು ಎರಡು ಸೇರು ಅಕ್ಕಿಯ ಚೀಲವನ್ನು ಮೂವತ್ತು ಸಲ ಎತ್ತುತ್ತಿದ್ದರು.

ತರ್ಕ ಬಿಡಿಸಲಾಗಲಿಲ್ಲ, ಟ್ಯೂಬು ಬಿಡಿಸಿದೆ. ಅದು ಸಪೂರ, ಚರ್ಮ ಕಚ್ಚುತ್ತದೆ, ಎಷ್ಟು ಬಿಗಿಯೆಂದು ತಿಳಿಯುವುದಿಲ್ಲ. ರಕ್ತದೊತ್ತಡ ನೋಡುವ ಪಟ್ಟಿ ಕಟ್ಟಿಕೊಟ್ಟೆ. ಅಗಲ ಸರಿ, ಅಂಕಿಯೂ ತೋರುತ್ತದೆ. ಆದರೆ ಮೊಣಕೈ ಮಡಿಸಿದಾಗಲೆಲ್ಲ ಜಾರಿತು. "ಈ ಪಾದರಸದ ಪೆಟ್ಟಿಗೆ ಕಾಯೋಕೆ ಇನ್ನೊಂದು ಕೈ ಬೇಕು" ಎಂದು ಹಿಂದಿರುಗಿಸಿದರು.

ಕೊನೆಗೆ ಅವರ ಟ್ರಂಕಿನಿಂದ ದಂಡಿನಲ್ಲಿ ಕಾಲಿಗೆ ಸುತ್ತುತ್ತಿದ್ದ ಉಣ್ಣೆಯ ಪಟ್ಟಿ ಹೊರಬಂತು. ನಾಲ್ಕು ಬೆರಳಗಲ, ಕಚ್ಚುವುದಿಲ್ಲ, ಹೆಚ್ಚು ಬಿಗಿಯೂ ಬೇಡ. ಒಂದೇ ದೋಷ: ಒಂಟಿ ಕೈಯಲ್ಲಿ ಕಟ್ಟಿಕೊಳ್ಳಲಾಗದು. ಆ ಹೊಣೆ ಹೆಂಡತಿ ದೇವಕ್ಕನಿಗೆ ಬಿತ್ತು. ಬಿಗಿ ಆಯಾ ದಿನದ ಸಂಸಾರದಂತೆ ಏರಿಳಿಯತೊಡಗಿತು.

"ಸಂತೆಗೆ ಕರ್ಕೊಂಡು ಹೋಗ್ತೇನೆ ಅಂದದ್ದು ಯಾರು?" ಎಂದು ಆಕೆ ಇನ್ನೊಂದು ಸುತ್ತು ಎಳೆಯುವುದನ್ನು ಕಣ್ಣಾರೆ ಕಂಡು, ನಾನು ಕಾನೂನು ಮಾಡಿದೆ: ಪಟ್ಟಿಯಡಿ ಎರಡು ಬೆರಳು ತೂರಬೇಕು, ಮಣಿಕಟ್ಟಿನಲ್ಲಿ ನಾಡಿ ಸಿಗಬೇಕು, ಎತ್ತಿದ್ದು ಮುಗಿದೊಡನೆ ಬಿಚ್ಚಬೇಕು.

"ಬೆರಳು ಯಾರದ್ದು? ಇವಳದ್ದು ಕಡ್ಡಿ!"

ಅವರ ಬಲಗೈಯದೇ ಎಂದು ತೀರ್ಪಾಯಿತು.

ಮುಹೂರ್ತದ ದಿನ ಸೋಮಯ್ಯ ಕವೆಗೋಲು ಹಿಡಿದೇ ನಿಂತಿದ್ದ. ಸುಬೇದಾರರು ಬಂದೂಕೆತ್ತಿದರು. ನಳಿಗೆ ಅಲುಗಲಿಲ್ಲ. ಗುಂಡು ಹಾರಿತು, ಕಾಯಿಯೂ ಅಲುಗಲಿಲ್ಲ.

"ಕೈ ಸರಿ ಉಂಟು," ಎಂದಳು ದೇವಕ್ಕ. "ಕಣ್ಣಿಗೂ ಪಟ್ಟಿ ಕಟ್ಟಲಾ?"

ನಗು ಅಡಗುವ ಮೊದಲೇ ಎರಡನೇ ಗುಂಡಿಗೆ ಕಾಯಿ ಒಡೆಯಿತು.

ಮರುವರ್ಷ ನನಗೆ ಕೊಡ್ಲಿಪೇಟೆಗೆ ವರ್ಗವಾಯಿತು. ಹೇಳಿ ಹೊರಡಲು ಹೋದೆ. ಅದೇ ನಮ್ಮ ಕೊನೆಯ ಭೇಟಿ. ಸುಬೇದಾರರು ಎಡಗೈಯಲ್ಲೇ ಕಾಫಿ ಲೋಟ ಚಾಚಿದರು, ಒಂದು ಹನಿ ಚೆಲ್ಲಲಿಲ್ಲ. ಹಿತ್ತಲಲ್ಲಿ ಸೋಮಯ್ಯನ ಕವೆಗೋಲು ಒಂದು ಬಾಳೆಗೊನೆಗೆ ಆಸರೆಯಾಗಿ ನಿಂತಿತ್ತು.